ಬಾಗಿಲು ಕಿರುಗುಟ್ಟಲೇಬೇಕು

ನಮ್ಮ ದೊಡ್ಡಮ್ಮ ಸೂಟ್‌ಕೇಸು ತುಂಬುವುದನ್ನು ಒಮ್ಮೆ ನೋಡಬೇಕು ನೀವು. ಮಗಳು ಇರುವುದು ಅಮೆರಿಕದಲ್ಲಿ. ವರ್ಷಕ್ಕೆ ಒಬ್ಬರಾದರೂ ಆ ಕಡೆ ಹೊರಟವರು ಸಿಕ್ಕೇ ಸಿಗುತ್ತಾರೆ, ಸಿಕ್ಕವರ ಪೆಟ್ಟಿಗೆಯಲ್ಲಿ ದೊಡ್ಡಮ್ಮನಿಗೊಂದು ಪಾಲು ಇದ್ದೇ ಇರುತ್ತದೆ. ವಿಮಾನದವರು ಪೆಟ್ಟಿಗೆಗೆ 23 ಕಿಲೋ ಎಂದು ಗೆರೆ ಎಳೆದಿದ್ದಾರೆ. ದೊಡ್ಡಮ್ಮ ಅದನ್ನು ತನಗೇ ಹಾಕಿದ ಸವಾಲು ಅಂದುಕೊಂಡಿದ್ದಾರೆ. ಮೊದಲು ಪ್ಯಾಕೆಟ್ಟುಗಳ ರಟ್ಟಿನ ಡಬ್ಬಗಳೆಲ್ಲ ಆಚೆ: "ರಟ್ಟು ತಿಂತಾಳೇನೋ ಅವಳು?" ಆಮೇಲೆ ಪ್ಲಾಸ್ಟಿಕ್ ಚೀಲಗಳಿಗೆ ಸೂಜಿಯಲ್ಲೊಂದು ತೂತು ಮಾಡಿ, ಚಪಾತಿ ಹಿಟ್ಟು ನಾದುವ ಹಾಗೆ ನಾದಿ, ಗಾಳಿ ತೆಗೆದು, ತೂತಿಗೆ ಟೇಪು. ನಾದಿನಿ ಕೊಟ್ಟ ಸಾರಿನಪುಡಿ, ಓರಗಿತ್ತಿ ಕೊಟ್ಟ ಸಾರಿನಪುಡಿ ಎರಡೂ ಒಂದೇ ಚೀಲಕ್ಕೆ: "ಅದೂ ಅದೇ, ಇದೂ ಅದೇ, ಎರಡು ಚೀಲ ಯಾಕೆ ದಂಡ?" ಹುಣಸೆಹಣ್ಣಿನ ಉಂಡೆಗಳು ಹೊಸ ಬೂಟಿನೊಳಗೆ. ಕೊನೆಗೆ ತಾವೇ ಪೆಟ್ಟಿಗೆಯ ಮೇಲೆ ಕೂತು, "ಎಳೆಯೋ ಜಿಪ್ಪು" ಅಂತ ನನಗೆ ಅಪ್ಪಣೆ.

ಕಳೆದ ತಿಂಗಳು ಹೀಗೆ ಜಿಪ್ಪು ಎಳೆಯುತ್ತಿದ್ದಾಗ ನನಗೆ ಕ್ಯಾಲಿಫೋರ್ನಿಯಾದ ಒಂಬತ್ತು ಜನ ನೆನಪಾದರು. ಸ್ಯಾನ್ ಡಿಯಾಗೊ ಪಕ್ಕದ ಕಾರ್ಲ್ಸ್‌ಬ್ಯಾಡ್ ಎಂಬ ಊರಿನಲ್ಲಿ ಕೂತು, ಎರಡು ಸಿಡಿ ತುಂಬ ಇದ್ದ ಒಂದು ಹೆದರಿಸುವ ಗೇಮನ್ನು ಅಂಗೈಯಗಲದ ಒಂದು ಕ್ಯಾಸೆಟ್ಟಿನೊಳಗೆ ತುರುಕಿದವರು ಅವರು. ಸಿಡಿಗಳಲ್ಲಿ ಇದ್ದದ್ದು ಸುಮಾರು 1.2 ಜಿಬಿ ಸಾಮಾನು. ಕ್ಯಾಸೆಟ್ಟಿನಲ್ಲಿ ಜಾಗ ಇದ್ದದ್ದು 64 ಎಂಬಿ. ಇಪ್ಪತ್ತು ಸೇರು ಅಕ್ಕಿ ತಂದು ಒಂದು ಸೇರಿನ ಡಬ್ಬಿ ಮುಂದಿಟ್ಟು, "ಒಂದು ಕಾಳೂ ಚೆಲ್ಲಬಾರದು" ಅಂದ ಹಾಗೆ. 1999ರಲ್ಲಿ ಆ ಕ್ಯಾಸೆಟ್ಟು ಅಂಗಡಿಗೆ ಬಂತು. ಅದರ ಮೇಲೆ ಕೂತು ಜಿಪ್ಪು ಎಳೆದವರು ಯಾರೋ ಕಾಣೆ.

ಗೇಮಿನ ಹೆಸರು ರೆಸಿಡೆಂಟ್ ಈವಿಲ್ 2. ಜಪಾನಿನಲ್ಲಿ ಅದು ಬಯೋಹಜಾರ್ಡ್ 2. ಕ್ಯಾಪ್ಕಾಮ್ ಕಂಪನಿ 1998ರ ಜನವರಿಯಲ್ಲಿ ಸೋನಿ ಪ್ಲೇಸ್ಟೇಷನ್ನಿಗೆ ತಂದದ್ದು. ನಿರ್ದೇಶಕ ಹಿಡೆಕಿ ಕಮಿಯಾ, ನಿರ್ಮಾಪಕ ಶಿಂಜಿ ಮಿಕಾಮಿ. ಲಿಯಾನ್ ಕೆನಡಿ ಎಂಬ ಹುಡುಗ ಪೊಲೀಸ್ ಕೆಲಸಕ್ಕೆ ಸೇರುವ ಮೊದಲ ದಿನವೇ ಊರಿಗೆ ಊರೇ ಸತ್ತು, ಎದ್ದು, ಕಚ್ಚಲು ಓಡಾಡುತ್ತಿರುತ್ತದೆ. ಪ್ರೊಬೇಷನ್ ಪೀರಿಯಡ್ಡು ಅಂದರೆ ಇದು. ಅಣ್ಣನನ್ನು ಹುಡುಕಿಕೊಂಡು ಬಂದ ಕ್ಲೇರ್ ಎಂಬ ಹುಡುಗಿಯೂ ಅದೇ ಊರಿನಲ್ಲಿ ಸಿಕ್ಕಿಬೀಳುತ್ತಾಳೆ. ಇಬ್ಬರೂ ಹೋಗಿ ಸೇರುವ ಪೊಲೀಸ್ ಠಾಣೆ ಹಿಂದೊಮ್ಮೆ ಕಲಾ ಮ್ಯೂಸಿಯಮ್ಮಾಗಿತ್ತಂತೆ. ಹಾಗಾಗಿ ಲಾಕಪ್ಪಿಗಿಂತ ಅಲ್ಲಿ ಅಮೃತಶಿಲೆಯ ಪ್ರತಿಮೆಗಳೇ ಹೆಚ್ಚು.

ನಾನು ಇದನ್ನು ಮೊದಲು ನೋಡಿದ್ದು ಬೆಂಗಳೂರಿನಲ್ಲಿ, ಗೆಳೆಯನೊಬ್ಬನ ರೂಮಿನಲ್ಲಿ. ಹದಿನಾಲ್ಕು ಇಂಚಿನ ಟಿವಿ, ಚಿಪ್ಪು ಹಾಕಿಸಿದ ಪ್ಲೇಸ್ಟೇಷನ್, ಮೆಜೆಸ್ಟಿಕ್ ಕಡೆಯಿಂದ ತಂದ, ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದಿದ್ದ ಸಿಡಿ. ಕರೆಂಟು ಇದ್ದದ್ದೇ ಆ ರಾತ್ರಿಯ ದೊಡ್ಡ ಪುಣ್ಯ. ಲಿಯಾನ್ ಒಂದು ಓಣಿಯಂಥ ಕಾರಿಡಾರಿಗೆ ಕಾಲಿಟ್ಟ. ಕಿಟಕಿಯ ಆಚೆ ಏನೋ ಒಂದು ಸರ್ರನೆ ಹರಿದು ಹೋಯಿತು. ಏನದು ಅಂತ ನಾನು ಕೇಳುವುದರೊಳಗೆ ಅದು ಇರಲಿಲ್ಲ. ಮುಂದೆ ಹೋದರೆ ನೆಲದ ಮೇಲೆ ತಲೆಯಿಲ್ಲದ ಒಬ್ಬ ಪೊಲೀಸಿನವನು. ತೊಟ್, ತೊಟ್ ಅಂತ ಸದ್ದು. ಮಳೆಗಾಲದಲ್ಲಿ ಹೆಂಚು ಸೋರುವ ಸದ್ದು ಗೊತ್ತಲ್ಲ, ಅದೇ. ಗೆಳೆಯ ಲಿಯಾನನನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಮೇಲೆ ನೋಡ್ಲಾ?" ಅಂದ. ನಾನು "ಬೇಡ" ಅಂದೆ. ಅವನು ನೋಡಿದ. ಚಾವಣಿಗೆ ಅಂಟಿಕೊಂಡು, ಚರ್ಮ ಸುಲಿದ, ಮಾರುದ್ದ ನಾಲಗೆಯ ಪ್ರಾಣಿಯೊಂದು ನಮ್ಮ ಕಡೆಗೇ ತಿರುಗಿತು. ಇಪ್ಪತ್ತೈದು ವರ್ಷದ ಮೇಲಾಯಿತು, ಈಗಲೂ ನಲ್ಲಿ ತೊಟ್ಟಿಕ್ಕಿದರೆ ನಾನು ಮೇಲೆ ನೋಡುವುದಿಲ್ಲ. ವಾಷರು ಹಾಕಿಸುತ್ತೇನೆ.

ದೊಡ್ಡಮ್ಮನಿಗೆ ಒಮ್ಮೆ ಇದನ್ನೆಲ್ಲ ವಿವರಿಸಿದ್ದೆ. "ದೆವ್ವಾನಾ?" ಅಂತ ಕೇಳಿದರು. "ದೆವ್ವ ಅಲ್ಲ ದೊಡ್ಡಮ್ಮ, ಸತ್ತ ಮೇಲೂ ನಡೆಯೋ ಹೆಣ" ಅಂದೆ. ಸ್ವಲ್ಪ ಯೋಚಿಸಿ, "ಸರಿಯಾಗಿ ತಿಥಿ ಮಾಡಿಲ್ಲ ಅಂತ ಕಾಣುತ್ತೆ" ಅಂದರು. ಇಷ್ಟು ಕಡಿಮೆ ಮಾತಿನಲ್ಲಿ ಆ ಗೇಮಿನ ಕಥೆ ಹೇಳಿದವರನ್ನು ನಾನು ಕಂಡಿಲ್ಲ. ಆ ಒಂಬತ್ತು ಜನಕ್ಕೆ ಇಂಥವರೊಬ್ಬರು ಬೇಕಿತ್ತು.

ಈ ಗೇಮಿನಲ್ಲಿ ಕ್ಯಾಮೆರಾ ನಮ್ಮ ಹಿಂದೆ ಬರುವುದಿಲ್ಲ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಾಗೆ ಒಂದು ಮೂಲೆಯಿಂದ ನೋಡುತ್ತಿರುತ್ತದೆ. ನಾವು ಆ ನೋಟದಿಂದ ಆಚೆ ಹೋದರೆ ಇನ್ನೊಂದು ಮೂಲೆಯ ಇನ್ನೊಂದು ಮೊಳೆ. ಇದು ಕಲೆ ಅಂತ ಈಗ ಹೇಳುತ್ತಾರೆ, ಹುಟ್ಟಿದ್ದು ಬಡತನದಲ್ಲಿ. ಕೋಣೆಯನ್ನು ಅಷ್ಟು ವಿವರವಾಗಿ, ಪೂರ್ತಿ ಮೂರು ಆಯಾಮದಲ್ಲಿ ಕ್ಷಣಕ್ಷಣಕ್ಕೂ ಬಿಡಿಸುವ ತಾಕತ್ತು ಆಗಿನ ಯಂತ್ರಗಳಿಗೆ ಇರಲಿಲ್ಲ. ಅದಕ್ಕೇ ದೊಡ್ಡ ಕಂಪ್ಯೂಟರಿನಲ್ಲಿ ಮೊದಲೇ ಚೆಂದವಾಗಿ ಬಿಡಿಸಿದ ಕೋಣೆಯ ಚಿತ್ರವನ್ನು ನಾಟಕದ ಪರದೆಯ ಹಾಗೆ ಹಿಂದೆ ಇಳಿಬಿಟ್ಟು, ಅದರ ಮುಂದೆ ಮನುಷ್ಯರನ್ನು, ಹೆಣಗಳನ್ನು ಮಾತ್ರ ನಡೆದಾಡಿಸುವುದು. ಫ್ರಾನ್ಸಿನವರ ಅಲೋನ್ ಇನ್ ದಿ ಡಾರ್ಕ್ 1992ರಲ್ಲೇ ಈ ಉಪಾಯ ತೋರಿಸಿತ್ತು. ಮೂಲೆಯ ಆಚೆ ಏನಿದೆ ಅಂತ ಲಿಯಾನನಿಗೆ ಕಾಣುತ್ತಿರುತ್ತದೆ, ನಮಗೆ ಕಾಣುವುದಿಲ್ಲ. ನಮಗೆ ಕೇಳುವುದು ಎಳೆದ ಹೆಜ್ಜೆಯ ಸದ್ದೊಂದೇ. ಪರದೆ ಇಳಿಸಿದ್ದು ಖರ್ಚು ಉಳಿಸಲು, ಅದರಿಂದ ಹೆದರಿಕೆ ಬಿಟ್ಟಿಯಾಗಿ ಬಂತು.

ಆದರೆ ಪರದೆಗಳು ಜಾಗ ತಿನ್ನುತ್ತವೆ. ಒಂದೊಂದು ಮೊಳೆಗೂ ಒಂದೊಂದು ಚಿತ್ರ ಬೇಕು. ಸಿಡಿಯಲ್ಲಿ ಜಾಗಕ್ಕೇನು ಬರವಿಲ್ಲ, ಒಂದೊಂದರಲ್ಲಿ ಆರುನೂರು ಚಿಲ್ಲರೆ ಎಂಬಿ. ನಿಂಟೆಂಡೊ ಕಂಪನಿ ಮಾತ್ರ 1996ರಲ್ಲಿ ತನ್ನ ಹೊಸ ಯಂತ್ರ ನಿಂಟೆಂಡೊ 64 ತಂದಾಗ, ಊರೆಲ್ಲ ಸಿಡಿ ಅನ್ನುತ್ತಿದ್ದರೂ ಕಾರ್ಟ್ರಿಜ್ಜಿಗೇ ಜೋತುಬಿತ್ತು. ಕಾರ್ಟ್ರಿಜ್ ಅಂದರೆ ನಮ್ಮ ಕಡೆ ಯಾರಿಗೂ ತಿಳಿಯದು, ಕ್ಯಾಸೆಟ್ ಅನ್ನಬೇಕು. ಹಳೆಯ ಟಿವಿ ಗೇಮಿನ ಹಳದಿ ಕ್ಯಾಸೆಟ್ಟು ನೆನಪಿದೆಯಲ್ಲ? ಓಡದಿದ್ದರೆ ತೆಗೆದು, ಬುಡಕ್ಕೆ ಕೊಳಲೂದುವ ಹಾಗೆ ಊದಿ, ಅಂಗಿಗೆ ಒರೆಸಿ ಮತ್ತೆ ಚುಚ್ಚುತ್ತಿದ್ದೆವು. ಊದಿದ್ದರಿಂದಲೇ ಅದು ಓಡಿತು ಎಂಬ ನಂಬಿಕೆಯನ್ನು ಯಾವ ಎಂಜಿನಿಯರೂ ನಮ್ಮಿಂದ ಕಿತ್ತುಕೊಳ್ಳಲಾರ.

ನಿಂಟೆಂಡೊದವರ ಹಟಕ್ಕೆ ಕಾರಣಗಳಿದ್ದವು. ಕ್ಯಾಸೆಟ್ಟಿನಿಂದ ಮಾಹಿತಿ ತಕ್ಷಣ ಸಿಗುತ್ತದೆ. ಪ್ಲೇಸ್ಟೇಷನ್ನಿನ ಸಿಡಿ ಡ್ರೈವು ಸೆಕೆಂಡಿಗೆ 300 ಕೆಬಿ ಓದುತ್ತ ತಿಣುಕುತ್ತಿತ್ತು. ಮೆಜೆಸ್ಟಿಕ್ಕಿನಲ್ಲಿ ಸಿಡಿ ಸುಟ್ಟ ಹಾಗೆ ಕ್ಯಾಸೆಟ್ಟು ಸುಡಲು ಆಗುವುದಿಲ್ಲ. ನಮ್ಮ ಗೆಳೆಯರ ರೂಮುಗಳಲ್ಲಿ ಪ್ಲೇಸ್ಟೇಷನ್ ಕಂಡದ್ದು, ನಿಂಟೆಂಡೊ 64 ಕಾಣದೆ ಇದ್ದದ್ದು ಯಾಕೆ ಅಂತ ಬೇರೆ ಹೇಳಬೇಕೆ? ಆದರೆ ಕ್ಯಾಸೆಟ್ಟು ತುಟ್ಟಿ, ಜಾಗ ಇಕ್ಕಟ್ಟು. ಸೂಪರ್ ಮಾರಿಯೋ 64 ಇಡೀ ಗೇಮು ಕೂತದ್ದು 8 ಎಂಬಿಯಲ್ಲಿ. ಸ್ಕ್ವೇರ್ ಕಂಪನಿಯವರು ಇದಾಗದು ಅಂತ ಕೈಮುಗಿದು, ಫೈನಲ್ ಫ್ಯಾಂಟಸಿ 7ನ್ನು ಮೂರು ಸಿಡಿಗಳಲ್ಲಿ ಸೋನಿಯ ಮನೆಗೆ ಒಯ್ದರು. ಕ್ಯಾಸೆಟ್ಟಿನ ಅಳತೆಯನ್ನು ಆಗ ಮೆಗಾಬಿಟ್ಟಿನಲ್ಲಿ ಹೇಳುತ್ತಿದ್ದರು: ನಮ್ಮದು 512! 512 ಮೆಗಾಬಿಟ್ ಅಂದರೆ ಬರೀ 64 ಎಂಬಿ. ಸೇರನ್ನು ಚಟಾಕಿನಲ್ಲಿ ಹೇಳಿ ದೊಡ್ಡದು ಮಾಡುವ ಅಂಗಡಿಯವರ ಜಾಣತನ ಯಾವ ದೇಶಕ್ಕೂ ಹೊಸದಲ್ಲ. ಅಷ್ಟಾದರೂ ಆ 64 ಎಂಬಿಯೇ ಆ ಯಂತ್ರದ ಕ್ಯಾಸೆಟ್ಟುಗಳಲ್ಲಿ ಎಲ್ಲಕ್ಕಿಂತ ದೊಡ್ಡದು.

ಇಂಥದ್ದರಲ್ಲಿ ಪ್ಲೇಸ್ಟೇಷನ್ನಿನಲ್ಲಿ ಸುಮಾರು 50 ಲಕ್ಷ ಪ್ರತಿ ಖರ್ಚಾದ ಎರಡು ಸಿಡಿಯ ಗೇಮನ್ನು ತುಂಬಿಸಿಕೊಡಿ ಅಂತ ಕ್ಯಾಪ್ಕಾಮ್ ಕೇಳಿದ್ದು ಏಂಜೆಲ್ ಸ್ಟುಡಿಯೋಸ್ ಎಂಬವರನ್ನು. ಡಿಯಾಗೊ ಏಂಜೆಲ್ ಎಂಬ ಕೊಲಂಬಿಯಾ ಮೂಲದವರು ಕಟ್ಟಿದ ಸ್ಟುಡಿಯೋ. 1992ರ 'ದಿ ಲಾನ್‌ಮೋವರ್ ಮ್ಯಾನ್' ಸಿನಿಮಾಕ್ಕೆ ಕಂಪ್ಯೂಟರ್ ಚಿತ್ರಗಳನ್ನು ಮಾಡಿದವರಲ್ಲಿ ಅವರೂ ಇದ್ದರು. ನಿಂಟೆಂಡೊ 64ಕ್ಕೆ ಅವರು ಅದಕ್ಕೆ ಮುಂಚೆ ಮಾಡಿದ್ದು ಒಂದು ಬೇಸ್‌ಬಾಲ್ ಗೇಮು. ಬೇಸ್‌ಬಾಲ್ ಆಡಿಸಿದವರನ್ನು ಕರೆದು ಹೆಣ ನಡೆಸಿ ಅನ್ನುವುದು ಮದುವೆ ಓಲಗದವರನ್ನು ಕರೆದು ಸಾವಿನ ಮನೆಗೆ ಬನ್ನಿ ಅಂದ ಹಾಗೆ. ಕೊಟ್ಟದ್ದು ಹತ್ತು ಲಕ್ಷ ಡಾಲರು, ಹನ್ನೆರಡು ತಿಂಗಳು. ಪೂರ್ತಿ ಸಮಯದ ಒಂಬತ್ತು ಜನ. ಮುಂದಿನ ಕಥೆ ಇನ್ನೂ ಸ್ವಾರಸ್ಯ. ಈ ಕೆಲಸದ ನಂಟಿನಿಂದಲೇ ಕ್ಯಾಪ್ಕಾಮ್ ಜೊತೆ ಅವರು ಕೌಬಾಯ್ ಗೇಮೊಂದನ್ನು ಶುರುಮಾಡಿದರು. 2002ರಲ್ಲಿ ಸ್ಟುಡಿಯೋ ಕೈಬದಲಾಗಿ ರಾಕ್‌ಸ್ಟಾರ್ ಸ್ಯಾನ್ ಡಿಯಾಗೊ ಆಯಿತು. ಆ ಅರ್ಧಂಬರ್ಧ ಗೇಮು ರೆಡ್ ಡೆಡ್ ರಿವಾಲ್ವರ್ ಎಂದು 2004ರಲ್ಲಿ ಹೊರಬಂತು. 2010ರಲ್ಲಿ ಅದರ ತಮ್ಮ ರೆಡ್ ಡೆಡ್ ರಿಡೆಂಪ್ಷನ್ ಕುದುರೆ ಓಡಿಸಿದ್ದು ನಮ್ಮ ಅಕ್ಕನ ಮಗನಿಗೂ ಗೊತ್ತು. ಆ ಕುದುರೆಯ ಮುತ್ತಜ್ಜ ಒಂದು ಹೆಣ ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

ಪೆಟ್ಟಿಗೆ ತುಂಬುವ ಕೆಲಸಕ್ಕೆ ಬರುತ್ತೇನೆ. ಮೊದಲನೆಯದು ಸಾರಿನಪುಡಿಯ ನ್ಯಾಯ. ಎರಡು ಸಿಡಿಗಳಲ್ಲಿ ಒಂದು ಲಿಯಾನನದು, ಇನ್ನೊಂದು ಕ್ಲೇರಳದು. ಇಬ್ಬರೂ ಓಡಾಡುವುದು ಅದೇ ಠಾಣೆಯಲ್ಲಿ, ಹೆದರಿಕೊಳ್ಳುವುದು ಅದೇ ಕಾರಿಡಾರಿನಲ್ಲಿ. ಅಂದರೆ ಅರ್ಧಕ್ಕರ್ಧ ಸಾಮಾನು ಎರಡೆರಡು ಸಲ ಇತ್ತು. ಒಂದು ಚೀಲಕ್ಕೆ ಸುರಿದರು. ಆಮೇಲೆ ಪರದೆಗಳನ್ನು ಹಿಂಡಿದರು. ಅಲ್ಲಿಗೂ ಮುಗಿಯಲಿಲ್ಲ, ಯಾಕೆಂದರೆ ನಿಜವಾದ ಕುಂಬಳಕಾಯಿ ಇನ್ನೂ ಹೊರಗೇ ಇತ್ತು: ಹದಿನೈದು ನಿಮಿಷದ ಸಿನಿಮಾ.

ಗೇಮಿನ ನಡುನಡುವೆ ಬರುವ ಚಲಿಸುವ ಚಿತ್ರಗಳಿವು. ಪ್ಲೇಸ್ಟೇಷನ್ನಿನೊಳಗೆ ಇಂಥ ಸಿನಿಮಾ ಬಿಚ್ಚಲಿಕ್ಕೆಂದೇ ಎಂಡೆಕ್ ಎಂಬ ಬೇರೆ ಅಂಗ ಇತ್ತು. ನಿಂಟೆಂಡೊ 64ರಲ್ಲಿ ಅಂಥದ್ದಿಲ್ಲ. ಅದನ್ನು ಕಟ್ಟಿದವರ ತಲೆಯಲ್ಲಿ ಸಿನಿಮಾ ಇರಲೇ ಇಲ್ಲ. ಕ್ಯಾಸೆಟ್ಟಿನಲ್ಲಿ ಸಿನಿಮಾ ಯಾರು ಹಾಕುತ್ತಾರೆ? ಬೇರೆಯವರಾಗಿದ್ದರೆ ನಾಲ್ಕು ನಿಂತ ಚಿತ್ರ ಅಂಟಿಸಿ ಕೆಳಗೆ ಎರಡು ಸಾಲು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಇವರು ಹಾಗೆ ಮಾಡಲಿಲ್ಲ.

ನಿಮ್ಮ ಮದುವೆಯ ವಿಡಿಯೋ ನೆನಪಿಸಿಕೊಳ್ಳಿ. ಧಾರೆ ನಡೆಯುತ್ತಿದೆ. ಮಂಟಪ ಅಲ್ಲೇ ಇದೆ, ಬಾಳೆಕಂದು ಅಲ್ಲೇ ಇದೆ, ಹಿಂದೆ ಕೂತ ಸೋದರಮಾವ ತೂಕಡಿಸುತ್ತ ಅಲ್ಲೇ ಇದ್ದಾನೆ. ಅಲುಗಾಡುತ್ತಿರುವುದು ಪುರೋಹಿತರ ಬಾಯಿ, ನೀರಿನ ಧಾರೆ, ಅಷ್ಟೆ. ಹಾಗಿರುವಾಗ ಸೆಕೆಂಡಿಗೆ ಮೂವತ್ತು ಸಲ ಸೋದರಮಾವನನ್ನು ಯಾಕೆ ಬರೆದಿಡಬೇಕು? ಒಂದು ಸಲ ಬರೆದು, "ಮಾವ ಹಾಗೇ ಇದ್ದಾನೆ, ಬಾಯಿ ಮಾತ್ರ ಇಷ್ಟು ಸರಿಯಿತು" ಅಂತ ಮುಂದಿನದಕ್ಕೆ ಟಿಪ್ಪಣಿ ಇಟ್ಟರೆ ಸಾಕು. ಇನ್ನೊಂದು, ನಮ್ಮ ಕಣ್ಣು ಬೆಳಕು ನೆರಳಿನ ವಿಷಯದಲ್ಲಿ ಚುರುಕು, ಬಣ್ಣದ ವಿಷಯದಲ್ಲಿ ಸೋಮಾರಿ. ಸೀರೆಯ ಅಂಚು ಮಡಿಕೆ ಕಾಣುತ್ತದೆ, ಮೆಜೆಂತಾವೋ ರಾಣಿ ಬಣ್ಣವೋ ಅಂತ ಗಂಡಸರನ್ನು ಕೇಳಿ ನೋಡಿ. ಹಾಗಾಗಿ ಬೆಳಕನ್ನು ವಿವರವಾಗಿ, ಬಣ್ಣವನ್ನು ಅಂದಾಜಿನಲ್ಲಿ ಬರೆದಿಟ್ಟರೂ ನಡೆಯುತ್ತದೆ. ಜೊತೆಗೆ ಒಂದಿಷ್ಟು ಫ್ರೇಮುಗಳನ್ನೇ ಕೈಬಿಟ್ಟರು. ಎಲ್ಲ ಸೇರಿ ಸಿನಿಮಾ ಕುಗ್ಗಿದ್ದು 165ಕ್ಕೆ 1ರಂತೆ. ಇದನ್ನು ಆಡಿಸುವ ಹೊತ್ತಿನಲ್ಲಿ ಬಿಚ್ಚುವವರು ಯಾರು? ತ್ರಿಕೋನಗಳನ್ನು ತಿರುಗಿಸುವ ಲೆಕ್ಕಕ್ಕೆಂದು ಇಟ್ಟಿದ್ದ ಚಿಪ್ಪಿಗೆ ಹೊಸ ಸೂಕ್ಷ್ಮ ಆದೇಶಗಳನ್ನು ಬರೆದು, "ನಿನ್ನ ಗಣಿತ ಚೆನ್ನಾಗಿದೆ, ಇದನ್ನೂ ಮಾಡಪ್ಪ" ಅಂತ ಕೂರಿಸಿದರು. ಅಡುಗೆ ಭಟ್ಟರ ಕೈಯಲ್ಲಿ ಲೆಕ್ಕಪತ್ರ ಬರೆಸಿದ ಹಾಗೆ. ಭಟ್ಟರು ಬರೆದರು. ತಂಡದಲ್ಲಿದ್ದ ಟಾಡ್ ಮೇನಿಂಕ್ ಈ ಸಾಹಸವನ್ನೆಲ್ಲ 2000ದಲ್ಲಿ ಬರೆದಿಟ್ಟಿದ್ದಾರೆ. ಓದಿದರೆ ಮನುಷ್ಯರು ನಿದ್ದೆ ಯಾವಾಗ ಮಾಡಿದರು ಅನ್ನುವ ಅನುಮಾನ ಬರುತ್ತದೆ.

ಸದ್ದಿಗೆ ಸಹಾಯ ಮಾಡಿದ್ದು ಫ್ಯಾಕ್ಟರ್ 5 ಎಂಬ ಕಂಪನಿ. ಅಲ್ಲಿದ್ದ ಕ್ರಿಸ್ ಹ್ಯುಲ್ಸ್‌ಬೆಕ್ ಜರ್ಮನಿಯವರು, ಅಮಿಗಾ ಕಂಪ್ಯೂಟರಿನ ಕಾಲದಲ್ಲಿ ಟರಿಕನ್ ಗೇಮಿಗೆ ಸಂಗೀತ ಕೊಟ್ಟು ಹೆಸರಾದವರು. ಕಡಿಮೆ ಜಾಗದಲ್ಲಿ ಹೆಚ್ಚು ನುಡಿಸುವುದು ಅವರಿಗೆ ಎಳವೆಯಿಂದಲೇ ಅಭ್ಯಾಸ. ಹೆದರಿಸುವ ಗೇಮಿನಲ್ಲಿ ಸದ್ದು ಕೆಟ್ಟರೆ ಎಲ್ಲ ಕೆಟ್ಟ ಹಾಗೆ. ಆ ತೊಟ್ ತೊಟ್ ಸದ್ದು ಡಬ್ಬ ಬಡಿದ ಹಾಗೆ ಕೇಳಿದ್ದರೆ ನಾನು ಮೇಲೆ ನೋಡಿ ನಕ್ಕುಬಿಡುತ್ತಿದ್ದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಉಪಾಯ. ತೆರೆಯ ಮೇಲೆ ಎಷ್ಟು ಜನ ಇದ್ದಾರೆ ಅಂತ ನೋಡಿಕೊಂಡು ಯಂತ್ರ ತಾನಾಗಿಯೇ ಚಿತ್ರದ ನುಣುಪನ್ನು ಏರಿಳಿಸುತ್ತದೆ. ಲಿಯಾನ್ ಒಬ್ಬನೇ ಇದ್ದರೆ ಚಿತ್ರ ಗಟ್ಟಿ. ಐದಾರು ಹೆಣ ಒಟ್ಟಿಗೆ ಬಂದವೋ, ಸ್ವಲ್ಪ ತೆಳು. ಅವು ಸತ್ತವೋ (ಸತ್ತವು ಮತ್ತೆ ಸತ್ತವೋ ಅನ್ನಬೇಕೇನೋ), ಮತ್ತೆ ಗಟ್ಟಿ. ನೆಂಟರು ಹೆಚ್ಚಿದಾಗ ಸಾರಿಗೆ ಇನ್ನೊಂದು ಚೊಂಬು ನೀರು ಸುರಿಯುವುದು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡದ ವಿದ್ಯೆ. ಬಡಿಸುವಾಗ ಕೈ ತಡೆಯಬಾರದು, ಯಾರೂ ಎಲೆಯ ಮುಂದೆ ಕಾಯಬಾರದು, ಅಷ್ಟೇ ಮುಖ್ಯ. 4 ಎಂಬಿ ಹೆಚ್ಚಿನ ಮೆಮೊರಿಯ ಪುಟ್ಟ ಡಬ್ಬಿಯೊಂದನ್ನು ಬೇರೆ ಮಾರುತ್ತಿದ್ದರು, ಎಕ್ಸ್‌ಪಾನ್ಷನ್ ಪ್ಯಾಕ್ ಅಂತ. ಅದನ್ನು ಸಿಕ್ಕಿಸಿದರೆ ನುಣುಪು 640x480ರವರೆಗೆ ಏರುತ್ತಿತ್ತು. ಅದು ಬೇಳೆ ಹೆಚ್ಚು ಹಾಕಿದ ಸಾರು.

ಇಷ್ಟೆಲ್ಲ ಹಿಂಡಿ ಮುಗಿಸಿದ ಮೇಲೆ ಸುಮ್ಮನಿರಬಾರದೆ? ಪೆಟ್ಟಿಗೆಯಲ್ಲಿ ಬೆರಳು ತೂರುವಷ್ಟು ಸಂದು ಕಂಡರೆ ದೊಡ್ಡಮ್ಮ ಅಲ್ಲೊಂದು ಉಪ್ಪಿನಮೆಣಸಿನಕಾಯಿ ಪೊಟ್ಟಣ ತುರುಕುತ್ತಾರೆ. ಇವರೂ ಹಾಗೇ. ಮೂಲದಲ್ಲಿ ಇಲ್ಲದ 16 ಹೊಸ ಕಡತಗಳನ್ನು ಅಲ್ಲಲ್ಲಿ ಅಡಗಿಸಿಟ್ಟರು, ಈ ಸರಣಿಯ ಬೇರೆ ಗೇಮುಗಳ ಕಥೆಯ ಎಳೆ ಅವುಗಳಲ್ಲಿ. ಅದರಲ್ಲಿ ರೆಸಿಡೆಂಟ್ ಈವಿಲ್ ಝೀರೋ ಇದೇ ಯಂತ್ರಕ್ಕೆ ಬರಬೇಕಿತ್ತು, ಬರಲಿಲ್ಲ. 2002ರಲ್ಲಿ ಮುಂದಿನ ಯಂತ್ರ ಗೇಮ್‌ಕ್ಯೂಬಿಗೆ ಬಂತು. ಸಾಮಾನುಗಳ ಜಾಗ ಅದಲುಬದಲು ಮಾಡುವ ಆಟವೊಂದನ್ನು ಸೇರಿಸಿದರು. ರಕ್ತದ ಬಣ್ಣ ಬದಲಿಸುವ ಸೌಕರ್ಯವನ್ನೂ ಕೊಟ್ಟರು. ಕೆಂಪು ನೋಡಲಾಗದವರಿಗೆ ಬೇರೆ ಓಕುಳಿ. ಬೇರೆ ಬಣ್ಣದ ರಕ್ತ ಕಂಡರೆ ಹೆದರಿಕೆ ಕಡಿಮೆಯಾಗುತ್ತದೆ ಎಂದು ತೀರ್ಮಾನಿಸಿದವರು ನಮ್ಮೂರಿನ ಹೋಳಿ ನೋಡಿಲ್ಲ.

ಇದರಲ್ಲಿ ನನಗೊಂದು ತಮಾಷೆ ಕಾಣುತ್ತದೆ. ಈ ಗೇಮೇ ಚೀಲ ತುಂಬುವ ಆಟ. ಲಿಯಾನನ ಹತ್ತಿರ ಇರುವುದು ಎಂಟು ಖಾನೆ. ಪಿಸ್ತೂಲಿಗೊಂದು, ಗುಂಡಿಗೊಂದು, ಔಷಧಿ ಸೊಪ್ಪಿಗೊಂದು, ಬೀಗದ ಕೈಗೊಂದು. ದಾರಿಯಲ್ಲಿ ಚದುರಂಗದ ಕಾಯಿಯಂಥ ಪ್ಲಗ್ಗು ಸಿಕ್ಕಿತು, ಬೇಕೇ ಬೇಕು, ಇಡಲು ಜಾಗವಿಲ್ಲ. ಸೊಪ್ಪು ತಿಂದು ಖಾನೆ ಖಾಲಿ ಮಾಡಲೋ, ಗುಂಡು ಬಿಟ್ಟುಹೋಗಲೋ? ಒಂದು ಕೋಣೆಯಲ್ಲಿ ಎರಡು ಖಾನೆ ಹೆಚ್ಚಿಗೆ ಕೊಡುವ ಸೊಂಟದ ಚೀಲ ಸಿಗುತ್ತದೆ. ಒಬ್ಬರ ಕಥೆಯಲ್ಲಿ ನಾವು ಅದನ್ನು ಎತ್ತಿಕೊಂಡರೆ, ಆಮೇಲೆ ಇನ್ನೊಬ್ಬರ ಕಥೆ ಆಡುವಾಗ ಆ ಕೋಣೆಯಲ್ಲಿ ಅದು ಇರುವುದಿಲ್ಲ. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಇದರ ನೋವು ಬಿಡಿಸಿ ಹೇಳಬೇಕಾಗಿಲ್ಲ. ಎಂಟು ಖಾನೆಯ ಆಟವನ್ನು 64 ಎಂಬಿಗೆ ತುಂಬುತ್ತ ಕೂತವರು ಹಗಲೆಲ್ಲ ಅದೇ ಆಟವನ್ನು ಇನ್ನೊಂದು ರೀತಿಯಲ್ಲಿ ಆಡುತ್ತಿದ್ದರು.

ಆಡಿದ್ದನ್ನು ಉಳಿಸಿಕೊಳ್ಳುವುದಕ್ಕೂ ಅಲ್ಲಿ ಜುಗ್ಗತನ. ಅಲ್ಲಲ್ಲಿ ಒಂದು ಟೈಪ್‌ರೈಟರು ಇರುತ್ತದೆ. ಅದಕ್ಕೆ ಹಾಕಲು ಶಾಯಿ ರಿಬ್ಬನ್ನು ನಮ್ಮ ಹತ್ತಿರ ಇರಬೇಕು. ರಿಬ್ಬನ್ನಿಗೂ ಒಂದು ಖಾನೆ. ನಾನು ಪಿಯುಸಿ ಮುಗಿಸಿದ ಮೇಲೆ ಬಸ್ ಸ್ಟ್ಯಾಂಡಿನ ಮಾಳಿಗೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಜೂನಿಯರ್ ಪರೀಕ್ಷೆ ಕಟ್ಟಿದ್ದೆ. ಅಲ್ಲಿನ ಮೇಷ್ಟ್ರು ರಿಬ್ಬನ್ನು ಬಿಳಚಿಕೊಂಡರೂ ಬದಲಿಸುತ್ತಿರಲಿಲ್ಲ, ತಿರುವಿ ಹಾಕುತ್ತಿದ್ದರು. "ಗಟ್ಟಿಯಾಗಿ ಹೊಡಿ, ಮೂಡುತ್ತೆ" ಅನ್ನುತ್ತಿದ್ದರು. ರಿಬ್ಬನ್ನು ಮುಗಿದೀತೆಂಬ ಭಯ ನನಗೆ ಜಪಾನಿನಿಂದ ಬರಬೇಕಾಗಿರಲಿಲ್ಲ.

ಇದೇ ಗೇಮನ್ನು ಇನ್ನೂ ಬಡ ಯಂತ್ರಕ್ಕೆ ತಂದವರೂ ಇದ್ದರು. ಟೈಗರ್ ಕಂಪನಿಯ ಗೇಮ್ ಡಾಟ್ ಕಾಮ್ ಎಂಬ ಕೈಯಲ್ಲಿ ಹಿಡಿಯುವ ಪೆಟ್ಟಿಗೆ, ಬಣ್ಣವಿಲ್ಲದ ತೆರೆ. 1998ರಲ್ಲೇ ಅದರಲ್ಲಿ ಲಿಯಾನನೊಬ್ಬನ ಕಥೆ ಬಂತು. ಹೆಣ ಯಾವುದು, ಕುರ್ಚಿ ಯಾವುದು ಅಂತ ತಿಳಿಯುವಷ್ಟರಲ್ಲಿ ಕುರ್ಚಿ ಕಚ್ಚಿರುತ್ತದೆ. ಮೊದಲ ರೆಸಿಡೆಂಟ್ ಈವಿಲ್ ಗೇಮನ್ನೇ ಗೇಮ್ ಬಾಯ್ ಕಲರಿಗೆ ಇಳಿಸಲು ಇಂಗ್ಲೆಂಡಿನ ಹಾಟ್‌ಜೆನ್ ಎಂಬವರು ಕೂತಿದ್ದರು. 160x144 ಚುಕ್ಕೆಗಳ ತೆರೆ, ಒಂದು ಸಲಕ್ಕೆ 56 ಬಣ್ಣ. ಪರದೆಗಳನ್ನು ಒಂದೊಂದಾಗಿ ಚುಕ್ಕೆಯಲ್ಲಿ ಇಳಿಸಿದ್ದರು, ಸುಮಾರಾಗಿ ಮುಗಿದೂ ಇತ್ತು. ಕ್ಯಾಪ್ಕಾಮ್ ಬೇಡ ಅಂತ ನಿಲ್ಲಿಸಿತು. ವರ್ಷಗಳ ಮೇಲೆ ಅದರ ಅರೆಬೆಂದ ಪ್ರತಿ ಹೊರಗೆ ಬಂದು, ನೋಡಿದವರು ಅಯ್ಯೋ ಅಂದರು. ಪಾಪ ಅಂತಲೂ, ಶಭಾಷ್ ಅಂತಲೂ ಎರಡೂ ಆ ಅಯ್ಯೋದಲ್ಲಿ ಇತ್ತು.

ನಿಂಟೆಂಡೊ 64ರದ್ದೂ ಮೂಲಕ್ಕೆ ಸರಿಸಮ ಅಂತ ನಾನು ಹೇಳುವುದಿಲ್ಲ. ಸಿನಿಮಾ ಭಾಗ ಎಣ್ಣೆ ಹತ್ತಿದ ಕನ್ನಡಕದಲ್ಲಿ ನೋಡಿದ ಹಾಗಿದೆ. ಕಂಟ್ರೋಲರಿಗೆ ಮೂರು ಹಿಡಿ. ಎರಡು ಕೈ ಇರುವವರಿಗೆ ಯಾಕೆ ಕೊಟ್ಟರೋ. ಆದರೆ ಆ ಕಾರಿಡಾರಿಗೆ ಹೋಗಿ ನಿಂತರೆ ತೊಟ್ ತೊಟ್ ಅದೇ, ನನ್ನ ಕತ್ತಿನ ಹಿಂದಿನ ಕೂದಲು ಅದೇ.

ಇಷ್ಟು ಹೇಳಿ ಬಾಗಿಲಿನ ವಿಷಯ ಬಿಟ್ಟರೆ ಆಗದು. ಈ ಗೇಮಿನಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ತೆರೆಯೆಲ್ಲ ಕಪ್ಪಾಗಿ, ಒಂಟಿ ಬಾಗಿಲು ಕಾಣುತ್ತದೆ. ಹಿಡಿ ತಿರುಗುತ್ತದೆ. ಕಿರ್ರ್... ಅಂತ ನಿಧಾನಕ್ಕೆ ತೆರೆದುಕೊಳ್ಳುತ್ತದೆ. ಆಚೆ ಬರೀ ಕತ್ತಲು. ಯಾಕೆ ಈ ಸಾವಕಾಶ? ತಿಣುಕುವ ಸಿಡಿ ಡ್ರೈವು ಮುಂದಿನ ಕೋಣೆಯನ್ನು ಓದಿಕೊಳ್ಳಲಿ ಅಂತ. ಊಟಕ್ಕೆ ತಡವಾದಾಗ ಮನೆಯ ಯಜಮಾನರು ನೆಂಟರಿಗೆ ತೋಟ ತೋರಿಸುತ್ತಾರಲ್ಲ, ಅದೇ ಕೆಲಸ ಈ ಬಾಗಿಲಿನದು. ಆದರೆ ಆ ಎರಡು ಮೂರು ಸೆಕೆಂಡಿನಲ್ಲಿ ನಮ್ಮ ಜೀವ ಬಾಯಿಗೆ ಬಂದಿರುತ್ತದೆ.

ಕ್ಯಾಸೆಟ್ಟಿಗೆ ಆ ಕಾಯುವಿಕೆ ಬೇಕಿರಲಿಲ್ಲ. ಒಂದೊಂದು ಎಂಬಿಗೂ ಜಗಳವಾಡಿದ ಆ ಒಂಬತ್ತು ಜನ ಬಾಗಿಲುಗಳನ್ನು ಕಿತ್ತೆಸೆಯಬಹುದಿತ್ತು. ಎಸೆಯಲಿಲ್ಲ. ರಟ್ಟು ಎಸೆದರು, ಗಾಳಿ ತೆಗೆದರು, ಇನ್ನೊಂದು ಯಂತ್ರದ ಉಬ್ಬಸವನ್ನು ಮಾತ್ರ ಜೋಪಾನವಾಗಿ ಮಡಚಿ ಪೆಟ್ಟಿಗೆಯಲ್ಲಿ ಇಟ್ಟರು. ಬಾಗಿಲಿನ ಜಾತಕ ಇನ್ನೂ ಹಿಂದಕ್ಕೆ ಹೋಗುತ್ತದೆ. 1989ರಲ್ಲಿ ಕ್ಯಾಪ್ಕಾಮೇ ಮಾಡಿದ ಸ್ವೀಟ್ ಹೋಮ್ ಎಂಬ ಗೇಮಿತ್ತು, ಟೊಕುರೊ ಫುಜಿವಾರಾ ನಿರ್ದೇಶನ. ಅದರಿಂದಲೇ ರೆಸಿಡೆಂಟ್ ಈವಿಲ್ ಬೆಳೆದದ್ದು. ಅದರಲ್ಲೂ ಬಾಗಿಲು ತೆರೆಯುವ ಚಿತ್ರ ಬರುತ್ತಿತ್ತು, ಮತ್ತು ಅದೂ ಬಂದದ್ದು ಕ್ಯಾಸೆಟ್ಟಿನಲ್ಲಿ! ಅಂದರೆ ಕ್ಯಾಸೆಟ್ಟಿನಲ್ಲಿ ಕೆಲಸವಿಲ್ಲದೆ ಹುಟ್ಟಿದ ಬಾಗಿಲು, ಸಿಡಿಗೆ ಹೋಗಿ ನೌಕರಿ ಹಿಡಿದು, ನಿವೃತ್ತಿಯ ಮೇಲೆ ಮತ್ತೆ ಕ್ಯಾಸೆಟ್ಟಿಗೆ ಬಂದು ಜಗಲಿಯ ಮೇಲೆ ಕೂತಿತು.

ಅಮೆರಿಕದಿಂದ ಮರಳಿ ಬಂದ ಗೆಳೆಯನೊಬ್ಬ ಮನೆ ಖಾಲಿ ಮಾಡುವಾಗ ಸಿಕ್ಕಿದ್ದು ಅಂತ ಹಳೆಯ ನಿಂಟೆಂಡೊ 64 ನನಗೆ ಕೊಟ್ಟ, ಈ ಕ್ಯಾಸೆಟ್ಟಿನ ಸಮೇತ. ಮೊನ್ನೆ ಅಕ್ಕನ ಮಗ ಬಂದಿದ್ದ. ಅವನು ಆಡಿರುವುದು 2019ರಲ್ಲಿ ಹೊಸದಾಗಿ ಕಟ್ಟಿದ ರೆಸಿಡೆಂಟ್ ಈವಿಲ್ 2. ಇಪ್ಪತ್ತು ಜಿಬಿಗೂ ಮೇಲೆ, ಕ್ಯಾಮೆರಾ ಹೆಗಲ ಹಿಂದೆ, ಬಾಗಿಲುಗಳನ್ನು ಭುಜದಲ್ಲಿ ನೂಕಿಕೊಂಡು ಒಂದೇ ಓಟ. ಹಳೆಯದನ್ನು ತೋರಿಸುತ್ತೇನೆ ಬಾ ಅಂತ ಕೂರಿಸಿದೆ. ಕ್ಯಾಸೆಟ್ಟು ತೆಗೆದು ಬುಡಕ್ಕೆ ಊದಿದೆ. "ಏನ್ ಮಾಮ ಇದು, ಮಂತ್ರಾನಾ?" ಅಂದ. ಮೂರು ಹಿಡಿಯಲ್ಲಿ ಯಾವ ಎರಡನ್ನು ಹಿಡಿಯಬೇಕೆಂದು ಹೇಳಿಕೊಟ್ಟೆ. ನಗುತ್ತ, ಹೆಣಗಳನ್ನು ಬಳಸಿಕೊಂಡು ಓಡುತ್ತ, ಕಾರಿಡಾರಿನ ಬಾಗಿಲಿಗೆ ಬಂದ. ತೆರೆ ಕಪ್ಪಾಯಿತು. ಹಿಡಿ ತಿರುಗಿತು. ಅವನು ಗುಂಡಿ ಒತ್ತಿದ. ಮತ್ತೆ ಒತ್ತಿದ. ಎಲ್ಲ ಗುಂಡಿಗಳನ್ನೂ ಒತ್ತಿದ.

"ಮಾಮ, ಹ್ಯಾಂಗ್ ಆಯ್ತಾ?"

"ಇಲ್ಲ ಕಣೋ. ಬಾಗಿಲು ತೆಗೀತಿದೆ."

ಅವನು ಕಂಟ್ರೋಲರನ್ನು ತೊಡೆಯ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ಸರಿದು ಕೂತ. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.